ಶಿಶಿರದಲ್ಲಿ ಒಂದು ಗಿರಿಯಾತ್ರೆಯ ಸನ್ನಾಹ

ಬೆಟ್ಟ ಹತ್ತುವುದೆಂಬುದು ನಮಗೆ ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದವರಿಗೆ ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲುಗಳು ಮನೆಯಂಗಳದ ಸೋಪಾನವಿದ್ದಂತೆ. ಬೆಳಗಿನ ಝಾವಕ್ಕೆ ಎದ್ದು, ಸ್ನಾನ ಮಾಡಿ, ಪಂಚೆಯನ್ನು ಮೇಲಕ್ಕೆ ಕಟ್ಟಿ, ಬರಿಗಾಲಿನಲ್ಲಿ ಹತ್ತಿ, ದೇವಿಯ ದರ್ಶನವನ್ನು ಮಾಡಿಕೊಂಡು, ಪಾಠಶಾಲೆಯ ಗಂಟೆ ಹೊಡೆಯುವುದರೊಳಗಾಗಿ ಇಳಿದು ಬಂದು ಪಾಠ ಹೇಳಿದ ದಿನಗಳೆಷ್ಟೋ ಉಂಟು. ಅದಕ್ಕೆ ಬೇಕಾದ ಸಿದ್ಧತೆಯೆಂದರೆ ಹಿಂದಿನ ರಾತ್ರಿ ಬೇಗ ಮಲಗುವುದು, ಅಷ್ಟೆ. ಅಂಥ ನಾವು, ಅರುವತ್ತು ತುಂಬಿ ಕೆಲಸದಿಂದ ನಿವೃತ್ತರಾದ ಮೇಲೆ, ಕಳೆದ ಚಳಿಗಾಲ ಅಮೆರಿಕಾ ದೇಶದಲ್ಲಿ ಎರಡು ಮೈಲಿಯೂ ತುಂಬದ ಒಂದು ಬೆಟ್ಟದ ದಾರಿಗೆ ಎರಡು ತಿಂಗಳ ಕಾಲ ಸನ್ನಾಹ ಮಾಡಿದೆವೆಂದರೆ ವಾಚಕರು ನಗಬಹುದು. ಮೊದಮೊದಲು ನಾವೂ ನಕ್ಕೆವು. ಆಮೇಲೆ ನಗು ಹೇಗೆ ಅಡಗಿತೆಂಬುದನ್ನು ಮುಂದೆ ಹೇಳುತ್ತೇವೆ.

ನಮ್ಮ ಮಗಳೂ ಅಳಿಯಂದಿರೂ ಬಾಸ್ಟನ್ ನಗರದ ಹೊರವಲಯದಲ್ಲಿ ವಾಸವಾಗಿದ್ದಾರೆ. ನಾವೂ ನಮ್ಮ ಮನೆಯವರೂ ನವೆಂಬರ್ ತಿಂಗಳಲ್ಲಿ ಅಲ್ಲಿಗೆ ಹೋಗಿ ಇಳಿದ ಮಾರನೆಯ ದಿನವೇ, ಹನ್ನೊಂದು ವರ್ಷದ ಮೊಮ್ಮಗನು "ತಾತ, ನೀವು ಹಿಮವನ್ನು ನೋಡಿದ್ದೀರಾ?" ಎಂದು ಕೇಳಿದನು. ಪ್ರಶ್ನೆ ಮರ್ಮಕ್ಕೆ ತಾಗಿತು. ಕುಮಾರಸಂಭವದ ಮೊದಲನೆಯ ಸರ್ಗವನ್ನು ಮೂವತ್ತು ವರ್ಷ ಪಾಠ ಹೇಳಿದ ನಾವು ಹಿಮಾಲಯವನ್ನಾಗಲಿ ಹಿಮವನ್ನಾಗಲಿ ಕಣ್ಣಾರೆ ಕಂಡವರಲ್ಲ. ಕೋಶದಲ್ಲಿ ಅದಕ್ಕೆ ತುಹಿನ, ಪ್ರಾಲೇಯ, ನೀಹಾರ ಮೊದಲಾದ ಹೆಸರುಗಳುಂಟು. ಹುಡುಗರ ಕೈಯಲ್ಲಿ ಅವನ್ನು ಉರುಹೊಡೆಸಿದ್ದೆವು. ಕನ್ನಡದಲ್ಲಂತೂ ಇಬ್ಬನಿಗೂ ಕಾವಳಕ್ಕೂ ಹೆಪ್ಪುಗಟ್ಟಿದ ನೀರಿಗೂ ಸೇರಿಸಿ ಮಂಜು ಎಂಬ ಒಂದೇ ಮಾತಿನಿಂದ ಕೆಲಸ ತೀರಿಸಿಕೊಳ್ಳುತ್ತೇವೆ. ಹೆಸರುಗಳನ್ನು ಬಲ್ಲೆವು, ವಸ್ತುವನ್ನರಿಯೆವು. ಹಾಗಾದರೆ ಹಿಮದ ನಡುವೆ ಒಂದು ರಾತ್ರಿ ಇದ್ದು ಬರೋಣವೆಂದು ನಮ್ಮ ಅಳಿಯಂದಿರು ಸೂಚಿಸಿದರು. ಅವರು ಪ್ರತಿ ವರ್ಷವೂ ಬೆಟ್ಟಗಳನ್ನು ಸುತ್ತತಕ್ಕವರು.

ಬಾಸ್ಟನ್ನಿನಿಂದ ಉತ್ತರಕ್ಕೆ ನ್ಯೂ ಹ್ಯಾಂಪ್‌ಷೈರ್ ಎಂಬ ಸಣ್ಣ ರಾಜ್ಯವಿದೆ. ಅಲ್ಲಿ ವೈಟ್ ಮೌಂಟನ್ಸ್, ಎಂದರೆ ಶ್ವೇತಗಿರಿಗಳೆಂಬ ಪರ್ವತಶ್ರೇಣಿ. ಎತ್ತರದಲ್ಲಿ ಇವು ನಮ್ಮ ನೀಲಗಿರಿಗಿಂತ ಕಡಮೆಯೇ. ಎಲ್ಲಕ್ಕಿಂತ ದೊಡ್ಡದಾದ ಮೌಂಟ್ ವಾಷಿಂಗ್‌ಟನ್ ೬,೨೮೮ ಅಡಿ, ನಮ್ಮ ಮುಳ್ಳಯ್ಯನಗಿರಿಯಷ್ಟು ಎಂದುಕೊಳ್ಳಬಹುದು. ಆದರೆ ಎತ್ತರವನ್ನು ನೋಡಿ ಬೆಟ್ಟದ ಗುಣವನ್ನು ಅಳೆಯಲಾಗದು. ಆ ಶಿಖರದ ಮೇಲಿರುವ ಹವಾಮಾನ ವೀಕ್ಷಣಾಲಯದಲ್ಲಿ ೧೯೩೪ನೆಯ ಏಪ್ರಿಲ್ ೧೨ರಂದು ಗಂಟೆಗೆ ೨೩೧ ಮೈಲಿ ವೇಗದ ಗಾಳಿಯನ್ನು ಅಳೆದು ಬರೆದರು. ಅದಕ್ಕಿಂತ ಜೋರಾದ ಗಾಳಿ ಭೂಮಿಯ ಮೇಲೆ ಇನ್ನೆಲ್ಲಿಯೂ ಲೆಕ್ಕಕ್ಕೆ ಸಿಕ್ಕದೆ ಅರುವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆಯಿತು. ಈ ಗಿರಿಗಳಲ್ಲಿ ಪಾದಚಾರಿಗಳು ರಾತ್ರಿ ತಂಗುವುದಕ್ಕಾಗಿ ಅಪಲೇಚಿಯನ್ ಮೌಂಟನ್ ಕ್ಲಬ್ ಎಂಬ ಸಂಸ್ಥೆಯವರು ಎಂಟು ಮನೆಗಳನ್ನು ಕಟ್ಟಿ ನಡೆಸುತ್ತಿದ್ದಾರೆ. ಸಂಸ್ಥೆ ಹುಟ್ಟಿದುದು ೧೮೭೬ರಲ್ಲಿ. ಅದರ ಮೊದಲನೆಯ ಮನೆ ಎದ್ದುದು ೧೮೮೮ರಲ್ಲಿ. ಈ ಮನೆಗಳನ್ನು ಅವರು 'ಹಟ್' ಎನ್ನುತ್ತಾರೆ. ಗುಡಿಸಲೆಂದು ಭಾಷಾಂತರ ಮಾಡಿದರೆ ಅರ್ಥ ಕೆಡುತ್ತದೆ. ನಮ್ಮ ಹಿಂದಿನ ಕಾಲದ ಯಾತ್ರಿಕರ ಛತ್ರವೇ ಅದಕ್ಕೆ ಹತ್ತಿರ. ಆದರೆ ಧರ್ಮಛತ್ರವಲ್ಲ, ಮುಂಗಡವಾಗಿ ಹಣ ಕಟ್ಟಿ ಹಾಸಿಗೆಯನ್ನು ಗೊತ್ತುಮಾಡಿಕೊಳ್ಳಬೇಕು.

ಬೇಸಿಗೆಯಲ್ಲಿ ಆ ಮನೆಗಳಲ್ಲಿ ಬಿಸಿಯೂಟವನ್ನು ಬಡಿಸುವವರಿರುತ್ತಾರೆ. ಚಳಿಗಾಲದಲ್ಲಿ ಹೆಚ್ಚಿನವಕ್ಕೆ ಬೀಗ ಬೀಳುತ್ತದೆ. ತೆರೆದಿರುವ ಕೆಲವಲ್ಲಿ ಮೇಲ್ವಿಚಾರಕನೊಬ್ಬನಿರುತ್ತಾನೆ. ಅಡಿಗೆಗೆ ಒಲೆಯೂ ಪಾತ್ರೆಯೂ ಉಂಟು. ಅಡಿಗೆ ಮಾಡಿಕೊಳ್ಳತಕ್ಕವರು ನಾವೇ. ಊಟದ ಕೋಣೆಯಲ್ಲಿ ಸಾಯಂಕಾಲ ಸೌದೆಯ ಒಲೆಯನ್ನು ಹೊತ್ತಿಸುತ್ತಾರೆ. ಮಲಗುವ ಕೋಣೆಗಳಿಗೆ ಬೆಂಕಿಯಿಲ್ಲ. ಹೊರಗಿನ ಚಳಿಯೇ ಒಳಗೂ. ಈ ಕಡೆಯ ಮಾತನ್ನು ಕೇಳಿದೊಡನೆ ನಮ್ಮ ಮನೆಯವರು "ನಾನು ಬರುವುದಿಲ್ಲ, ನೀವೂ ಹೋಗಬೇಕಾದ್ದಿಲ್ಲ" ಎಂದರು. ಮೊದಲನೆಯ ವಾಕ್ಯವು ನಡೆಯಿತು, ಎರಡನೆಯದು ನಡೆಯಲಿಲ್ಲ.

ನಮ್ಮ ಮನಸ್ಸು ಮೊದಲು ಹತ್ತಿದುದು ಝೀಲಂಡ್ ಎಂಬ ಕಣಿವೆಯ ಮನೆಯ ಮೇಲೆ. ಅದನ್ನು ೧೯೩೨ರಲ್ಲಿ ಕಟ್ಟಿದರು. ಅದರ ಚರಿತ್ರೆಯೇ ನಮ್ಮನ್ನು ಸೆಳೆಯಿತು. ಆ ಕಣಿವೆಯ ಕಾಡನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜೆ. ಇ. ಹೆನ್ರಿ ಎಂಬ ಮರದ ವ್ಯಾಪಾರಿಯು ರೈಲುಹಾದಿಯನ್ನೇ ಹಾಕಿಸಿ ಬುಡಮಟ್ಟ ಕಡಿಸಿದನು. ಉಳಿದ ಕೊಂಬೆ ರೆಂಬೆಗಳಿಗೆ ೧೮೮೬ರಲ್ಲೊಮ್ಮೆ, ೧೯೦೩ರಲ್ಲಿ ಮತ್ತೊಮ್ಮೆ ಕಾಳ್ಗಿಚ್ಚು ಬಿದ್ದು ಮಣ್ಣು ಕೂಡ ಸುಟ್ಟುಹೋಯಿತಂತೆ. ಇಂಥ ಅನಾಹುತಗಳನ್ನು ಕಂಡು ಜನ ಎಚ್ಚೆತ್ತದ್ದರಿಂದ ೧೯೧೧ರಲ್ಲಿ ವೀಕ್ಸ್ ಶಾಸನವು ಬಂದು, ಸರ್ಕಾರವು ಕಾಡನ್ನು ಕೊಂಡು ಕಾಪಾಡುವುದಕ್ಕೆ ತೊಡಗಿತು. ಇಂದು ಪಾದಚಾರಿಗಳು ನಡೆಯುವ ಹಾದಿ ಬಹುಮಟ್ಟಿಗೆ ಆ ಹಳೆಯ ರೈಲಿನ ಹಾದಿಯೇ. ಎರಡು ಪಕ್ಕದಲ್ಲಿಯೂ ಮತ್ತೆ ಕಾಡು ಬೆಳೆದಿದೆ. ಇದನ್ನೆಲ್ಲಾ ಓದಿ ನಾವು ಆಗಲೇ ಮೈಸೂರಿನ ಇಬ್ಬರು ಮಿತ್ರರಿಗೆ ಪತ್ರ ಬರೆದುಬಿಟ್ಟೆವು. ಹಿಮದಲ್ಲಿ ಇಷ್ಟು ಮೈಲಿ ನಡೆಯುತ್ತೇವೆ, ಇಂಥ ಕಣಿವೆಯಲ್ಲಿ ಮಲಗುತ್ತೇವೆ ಎಂದು. ಪತ್ರವನ್ನು ಅಂಚೆಗೆ ಹಾಕಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಅಳಿಯಂದಿರು ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ ಲೆಕ್ಕ ಹಾಕಿದರು. ಬೇಸಿಗೆಯಲ್ಲಾದರೆ ಕಾರಿನಿಂದ ಇಳಿದು ನಡೆಯತಕ್ಕದ್ದು ಮೂರು ಮೈಲಿಗೂ ಕಡಮೆ. ಚಳಿಗಾಲದಲ್ಲಿ ಆ ಕಾಡಿನ ರಸ್ತೆಯನ್ನು ಮುಚ್ಚಿಬಿಡುವುದರಿಂದ ಹೆದ್ದಾರಿಯ ಬಳಿಯಲ್ಲೇ ಇಳಿಯಬೇಕು. ಆಗ ದಾರಿ ಆರು ಮೈಲಿಗೂ ಮೀರುತ್ತದೆ. ಬೆನ್ನ ಮೇಲೆ ಹಾಸಿಗೆ, ಆಹಾರ, ಬಟ್ಟೆಗಳ ಹೊರೆ. ಹಿಮದಲ್ಲಿ ಕಾಲು ಹೂತರೆ ಗಂಟೆಗೆ ಒಂದು ಮೈಲಿ ನಡೆದರೂ ಹೆಚ್ಚು. ಹೊತ್ತೋ, ಡಿಸೆಂಬರಿನ ಕೊನೆಯಲ್ಲಿ ಅಲ್ಲಿ ಸಂಜೆ ನಾಲ್ಕೂಕಾಲು ಗಂಟೆಗೆಲ್ಲಾ ಸೂರ್ಯಾಸ್ತವಾಗಿರುತ್ತದೆ. "ಮಾವನವರೇ, ಮೈಲಿಯನ್ನು ಆಮೇಲೆ ನೋಡೋಣ. ಮೊದಲು ಒಂದು ಸಣ್ಣ ಗುಡ್ಡವನ್ನು ಹತ್ತಿ ಅಭ್ಯಾಸ ಮಾಡೋಣ" ಎಂದು ಅವರು ಮೃದುವಾಗಿ ಹೇಳಿದರು. ಚಾಮುಂಡಿಬೆಟ್ಟವನ್ನು ಹತ್ತಿದವರಿಗೆ ಅಭ್ಯಾಸವೆ, ಎಂದುಕೊಂಡೆವು, ಬಾಯಿಬಿಟ್ಟು ಹೇಳಲಿಲ್ಲ.

ಬಾಸ್ಟನ್ನಿಗೆ ದಕ್ಷಿಣದಲ್ಲಿ ಬ್ಲೂ ಹಿಲ್ಸ್ ಎಂಬ ಗುಡ್ಡಗಳಿವೆ. ಅವುಗಳಲ್ಲಿ ದೊಡ್ಡದು ೬೩೫ ಅಡಿ. ಅದರ ನೆತ್ತಿಯ ಮೇಲೆ ೧೮೮೫ರಿಂದಲೂ ಹವಾಮಾನವನ್ನು ಅಳೆಯುತ್ತಿರುವ ಒಂದು ವೀಕ್ಷಣಾಲಯವಿದೆ. ಡಿಸೆಂಬರಿನ ಒಂದು ಭಾನುವಾರ ಅಲ್ಲಿಗೆ ಹೋದೆವು. ಹೊರಡುವ ಮುನ್ನ ಮಗಳು ನಮಗಾಗಿ ತಂದಿದ್ದ ಉಣ್ಣೆಯ ಒಳ ಅಂಗಿಯನ್ನು ಕೊಟ್ಟು, "ಅಪ್ಪ, ಹತ್ತಿಯ ಬಟ್ಟೆ ಯಾವುದೂ ಬೇಡ" ಎಂದಿದ್ದಳು. ಉಣ್ಣೆ ಮೈಗೆ ಚುಚ್ಚುತ್ತಿತ್ತು. ನಲವತ್ತು ವರ್ಷದಿಂದ ತೊಟ್ಟು ಬಂದ ಹತ್ತಿಯ ಬನಿಯನ್ನು ಅದರ ಒಳಗೆ ಯಾರಿಗೂ ಹೇಳದೆ ತೊಟ್ಟುಕೊಂಡೆವು. ಹತ್ತಿಯಷ್ಟು ನಿರಪರಾಧಿಯಾದ ವಸ್ತು ಲೋಕದಲ್ಲಿ ಇನ್ನಾವುದಿದೆ!

ಗುಡ್ಡವನ್ನು ಹುರುಪಿನಿಂದ ಎಲ್ಲರಿಗಿಂತ ಮುಂದಾಗಿ ಹತ್ತಿದೆವು. ಮೈಯೆಲ್ಲಾ ಬೆವರಿತು. ನೆತ್ತಿಯ ಮೇಲೆ ಗಾಳಿ ಬೀಸುತ್ತಿತ್ತು; ಮೊಮ್ಮಗನಿಗೆ ವೀಕ್ಷಣಾಲಯವನ್ನೂ ದೂರದ ಸಮುದ್ರವನ್ನೂ ತೋರಿಸುತ್ತಾ ಕಾಲು ಗಂಟೆ ನಿಂತೆವು. ಮೊದಲು ಬೆನ್ನಿನ ಮೇಲೆ ಯಾರೋ ಒದ್ದೆಯ ಬಟ್ಟೆಯನ್ನು ಹೊದಿಸಿದಂತಾಯಿತು. ಆಮೇಲೆ ನಡುಕ ಹತ್ತಿತು. ಕೈಚೀಲ ತೊಟ್ಟುಕೊಳ್ಳಲು ಹೋದರೆ ಬೆರಳು ಮಾತು ಕೇಳವು. ಮೊಮ್ಮಗನು ಏನೋ ಕೇಳಿದನು. ಅದಕ್ಕುತ್ತರವಾಗಿ, ಹತ್ತನೆಯ ವರ್ಷದಿಂದ ಬಾಯಿಗೆ ಬರುತ್ತಿದ್ದ ಅಮರಕೋಶದ ಸಾಲೊಂದನ್ನು ಹೇಳಹೊರಟು, ಅರ್ಧಕ್ಕೆ ನಾಲಗೆ ತಡವರಿಸಿ ನಿಂತೆವು. ಹುಡುಗನು ತಮಾಷೆಯೆಂದು ನಕ್ಕನು. ಮಗಳು ನಗಲಿಲ್ಲ. ಹತ್ತಿರ ಬಂದು ಕೊರಳ ಗುಂಡಿಯನ್ನು ಬಿಚ್ಚಿ ನೋಡಿ, "ಅಪ್ಪ, ಇದೇನಿದು?" ಎಂದಳು. ಅರುವತ್ತು ವರ್ಷದ ಮೇಷ್ಟರು ತಪ್ಪು ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ತಲೆತಗ್ಗಿಸಿ ನಿಂತರು. ಅಲ್ಲಿಯೇ ಒಂದು ಬಂಡೆಯ ಮರೆಯಲ್ಲಿ ಒದ್ದೆ ಬನಿಯನ್ನು ಕಳಚಿಸಿ, ಒಣಗಿದ ಬಟ್ಟೆಯನ್ನು ತೊಡಿಸಿ, ಬಿಸಿ ಕಾಫಿಯನ್ನು ಕುಡಿಸಿ, ಬೇಗ ಬೇಗ ನಡೆಸಿಕೊಂಡು ಕೆಳಕ್ಕಿಳಿದರು. ಅಷ್ಟರಲ್ಲಿ ಸರಿಹೋಯಿತು. ಗುಡ್ಡದ ಬುಡದಲ್ಲಿ ಕಾರು ಇತ್ತು, ಕಾರಿನಲ್ಲಿ ಶಾಖವಿತ್ತು. ಇದೇ ಕಾಡಿನ ನಡುವೆ ಮೂರು ಮೈಲಿ ಒಳಗೆ ಆಗಿದ್ದರೆ ಎಂಬುದನ್ನು ದಾರಿಯುದ್ದಕ್ಕೂ ಯಾರೂ ಆಡಲಿಲ್ಲ. ಎಲ್ಲರೂ ನೆನೆಯುತ್ತಿದ್ದರೆಂಬುದು ಆ ಮೌನದಿಂದಲೇ ತಿಳಿಯುತ್ತಿತ್ತು.

ಅಂದಿನಿಂದ ನಾವು ವಿದ್ಯಾರ್ಥಿಯಾದೆವು. ಕಲಿತದ್ದನ್ನು ಸ್ವಲ್ಪ ಹೇಳುತ್ತೇವೆ. ಬದರಿ ಕೇದಾರಗಳಿಗೆ ಹೋಗುವ ವಾಚಕರಿಗೂ ಉಪಯೋಗವಾದೀತು. ಹತ್ತಿಯು ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ, ಬೇಗ ಆರುವುದಿಲ್ಲ. ನೀರು ಗಾಳಿಗಿಂತ ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುವುದರಿಂದ ಒದ್ದೆಯ ಬಟ್ಟೆ ಮೈಯ ಬಿಸಿಯನ್ನು ಹೊರಗೆ ದಾಟಿಸುವ ಕಾಲುವೆಯಾಗುತ್ತದೆ. ನಮ್ಮ ನಾಡಿನ ಸೆಕೆಯಲ್ಲಿ ಹತ್ತಿಯ ಯಾವ ಗುಣಕ್ಕಾಗಿ ನಾವು ಅದನ್ನು ಮೆಚ್ಚುತ್ತೇವೆಯೋ ಆ ಗುಣವೇ ಅಲ್ಲಿ ದೋಷ. ಉಣ್ಣೆಯಾದರೋ ನೆನೆದರೂ ಸ್ವಲ್ಪ ಬೆಚ್ಚಗಿರುತ್ತದೆ. ನಮ್ಮ ಕುರುಬರು ಮಳೆಯಲ್ಲಿ ಕಂಬಳಿಯನ್ನು ಹೊದೆದು ನಿಲ್ಲುವುದು ಸುಮ್ಮನಲ್ಲ. ಒಂದು ದಪ್ಪ ಅಂಗಿಗಿಂತ ಮೂರು ತೆಳು ಅಂಗಿ ಮೇಲು: ಒಳಗೆ ಉಣ್ಣೆ, ನಡುವೆ ಬೆಚ್ಚನೆಯದು, ಹೊರಗೆ ಗಾಳಿಯನ್ನು ತಡೆಯತಕ್ಕದ್ದು. ಹತ್ತುವಾಗ ಒಂದನ್ನು ಕಳಚಬೇಕು, ನಿಂತೊಡನೆ ತೊಡಬೇಕು. ಹೊರಡುವಾಗ ಸ್ವಲ್ಪ ಚಳಿಯಾಗುತ್ತಿದ್ದರೆ ಸರಿ. ಬೆಚ್ಚಗಿದ್ದರೆ ಹತ್ತು ನಿಮಿಷದಲ್ಲಿ ಬೆವರುತ್ತೇವೆ. ದೇಹದ ಶಾಖ ೩೭ ಡಿಗ್ರಿ ಸೆಂಟಿಗ್ರೇಡಿನಿಂದ ೩೫ಕ್ಕಿಂತ ಕೆಳಗೆ ಇಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯ ಎನ್ನುತ್ತಾರೆ. ಮೊದಲು ನಡುಕ, ಅನಂತರ ಬೆರಳುಗಳ ಮಂದತೆ, ಮಾತಿನ ತೊದಲು. ಕೊನೆಗೆ ಬುದ್ಧಿಯೇ ಮಂಕಾಗಿ, ತನಗೇನೂ ಆಗಿಲ್ಲವೆಂದು ರೋಗಿಯೇ ವಾದಿಸುತ್ತಾನೆ. ಆದ್ದರಿಂದ ಒಬ್ಬರ ಮುಖವನ್ನು ಮತ್ತೊಬ್ಬರು ಆಗಾಗ ನೋಡುತ್ತಿರಬೇಕಂತೆ. ಮೂಗಿನ ತುದಿಯೂ ಕೆನ್ನೆಯೂ ಬಿಳುಪಾದರೆ ಚರ್ಮ ಹೆಪ್ಪುಗಟ್ಟುತ್ತಿದೆಯೆಂದು ತಿಳಿಯಬೇಕು. ಸ್ವಂತ ಮೂಗು ತನಗೆ ಕಾಣುವುದಿಲ್ಲ.

ಆ ವಾರ ಅಳಿಯಂದಿರು ಝೀಲಂಡನ್ನು ಬಿಟ್ಟು ಲೋನ್‌ಸಮ್ ಲೇಕ್ ಎಂಬ ಬೇರೊಂದು ಮನೆಯನ್ನು ಗೊತ್ತುಮಾಡಿದರು. ಆ ಹೆಸರಿಗೆ ಏಕಾಂತ ಸರೋವರವೆಂದರ್ಥ. ರಸ್ತೆಯಿಂದ ಒಂದೂವರೆ ಮೈಲಿಗೆ ಸ್ವಲ್ಪ ಮೇಲೆ, ಏರು ಸುಮಾರು ಸಾವಿರ ಅಡಿ. ಮಕ್ಕಳನ್ನು ಕರೆದುಕೊಂಡು ಹೋಗುವ ಸಂಸಾರಿಗಳ ದಾರಿಯೆಂದು ಅದಕ್ಕೆ ಹೆಸರು. ನಮಗೆ ಇದು ಅವಮಾನವೆನ್ನಿಸಿತು. ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಮೈಸೂರಿಗೆ ಬರೆದ ಪತ್ರಗಳು ನೆನಪಿಗೆ ಬರುತ್ತಿದ್ದವು. ಮೂರನೆಯ ದಿನ ಮೊಮ್ಮಗನು, "ತಾತ, ಝೀಲಂಡ್ ಆಗಿದ್ದರೆ ಅಮ್ಮ ನನ್ನನ್ನು ಬಿಟ್ಟುಹೋಗುತ್ತಿದ್ದಳು. ಈಗ ನಾನೂ ಬರುತ್ತೇನೆ" ಎಂದು ಕುಣಿಯುತ್ತಾ ಬಂದನು. ಅದಕ್ಕೆ ನಮ್ಮಲ್ಲಿ ಪ್ರತ್ಯುತ್ತರವಿರಲಿಲ್ಲ.

ಆಹಾರದ ಸಿದ್ಧತೆಯನ್ನು ನಮ್ಮ ಮನೆಯವರು ವಹಿಸಿಕೊಂಡರು. ಮೊದಲು ಚಪಾತಿಯೆಂದರು; ಒಂದು ಚಪಾತಿಯನ್ನು ಪರೀಕ್ಷಾರ್ಥವಾಗಿ ರಾತ್ರಿ ಹೊರಗಿಟ್ಟು ಬೆಳಗ್ಗೆ ನೋಡಿದರೆ ಹೆಂಚಿನ ತುಂಡಿನಂತಾಗಿತ್ತು. ಚಳಿಯಲ್ಲಿ ನಡೆಯುವವರು ನಿಂತು ಊಟ ಮಾಡುವಂತಿಲ್ಲ. ಕೈಚೀಲವನ್ನು ಹೆಚ್ಚು ಹೊತ್ತು ತೆಗೆಯದೆ, ಕಲ್ಲಾಗದೆ ಬಾಯಿಗೆ ಹೋಗುವ, ಜಿಡ್ಡೂ ಸಿಹಿಯೂ ಇರುವ ಪದಾರ್ಥವನ್ನು ಸ್ವಲ್ಪಸ್ವಲ್ಪವಾಗಿ ತಿನ್ನುತ್ತಿರಬೇಕು. ಅಲ್ಲಿಯ ಜನ ಇದಕ್ಕಾಗಿ ಬಾದಾಮಿ, ದ್ರಾಕ್ಷಿ, ಕಡಲೆಬೀಜ ಮೊದಲಾದುವನ್ನು ಬೆರಸಿದ ಪೊಟ್ಟಣಗಳನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ಮನೆಯವರು ಆ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ಮ ಎಳ್ಳುಬೆಲ್ಲವಲ್ಲವೆ? ಇದಕ್ಕೆ ಇಷ್ಟು ದುಡ್ಡೆ?" ಎಂದರು. ನಿಜವೇ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ! ಚಳಿಯ ನಡುವೆ ಬರುವ ಸಂಕ್ರಾಂತಿಗೆ ನಮ್ಮ ಹಿರಿಯರು ಇದನ್ನು ಗೊತ್ತುಮಾಡಿದುದರಲ್ಲಿ ಏನೋ ಔಚಿತ್ಯವಿದೆ. ಸಂಕ್ರಾಂತಿಗಾಗಿ ಬೆರಸಿದುದರಲ್ಲಿ ಎರಡು ಸೇರನ್ನು ಬೆಟ್ಟಕ್ಕೆಂದು ತೆಗೆದಿಟ್ಟರು. ರಾತ್ರಿಯ ಊಟಕ್ಕೆ ಅಕ್ಕಿ ಹೆಸರುಬೇಳೆಗಳನ್ನು ಹುರಿದು, ಮೆಣಸು ಜೀರಿಗೆಗಳನ್ನು ಸೇರಿಸಿ, ತುಪ್ಪವನ್ನು ಬೇರೆ ಡಬ್ಬಿಯಲ್ಲಿ ಹಾಕಿ ಹುಗ್ಗಿಗೆ ಅಣಿಮಾಡಿದರು. ಬೆಳಗಿಗೆ ಹುರಿಹಿಟ್ಟು. ನೀರಿನ ವಿಷಯದಲ್ಲಿ ಒಂದು ಯುಕ್ತಿ: ಬಾಟಲಿಯನ್ನು ಉಣ್ಣೆಯ ಕಾಲುಚೀಲದೊಳಗೆ ಸೇರಿಸಿ ತಲೆಕೆಳಗಾಗಿ ಇಡತಕ್ಕದ್ದು. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ತಳದಲ್ಲಿ ಮಂಜುಗಡ್ಡೆಯಾದರೂ ಮುಚ್ಚಳ ಬಿಚ್ಚುತ್ತದೆ.

ಮಿಕ್ಕ ಸಾಮಾನುಗಳ ಪಟ್ಟಿಯನ್ನು ಕೊಟ್ಟು ವಾಚಕರನ್ನು ದಣಿಸುವುದಿಲ್ಲ. ಬೂಟಿನ ಅಡಿಗೆ ರಬ್ಬರಿನ ಪಟ್ಟಿಯಿಂದ ಬಿಗಿಯುವ ಉಕ್ಕಿನ ಮುಳ್ಳಿನ ಸರಪಣಿ, ಹಿಮದಲ್ಲಿ ಹೂತುಹೋಗದಂತೆ ಕಾಲಿಗೆ ಕಟ್ಟುವ ಅಗಲವಾದ ಸ್ನೋಷೂ, ಹಣೆಗೆ ಕಟ್ಟುವ ದೀಪ, ಕೊರೆಯುವ ಚಳಿಗೆಂದೇ ಮಾಡಿದ ಮಲಗುವ ಚೀಲ. ಇವುಗಳಲ್ಲಿ ಹೆಚ್ಚಿನವನ್ನು ಬಾಡಿಗೆಗೆ ತಂದೆವು.

ಹೊರಡುವ ದಿನವನ್ನು ಜನವರಿಯ ಕೊನೆಯ ಶನಿವಾರವೆಂದು ನಿಶ್ಚಯಿಸಿ ಹಣವನ್ನೂ ಕಟ್ಟಿದ್ದೆವು. ಮೌಂಟ್ ವಾಷಿಂಗ್‌ಟನ್ನಿನ ವೀಕ್ಷಣಾಲಯದವರು ಪ್ರತಿದಿನವೂ ಎತ್ತರದ ಶಿಖರಗಳ ಹವೆಯನ್ನು ಮುಂಚಿತವಾಗಿ ತಿಳಿಸುತ್ತಾರೆ. ಗುರುವಾರದ ವರದಿಯನ್ನು ಓದಿದ ಅಳಿಯಂದಿರ ಮುಖ ಸಪ್ಪಗಾಯಿತು. ಕಣಿವೆಯಲ್ಲಿಯೇ ಫಾರನ್‌ಹೀಟ್ ಮಾನದಲ್ಲಿ ಸೊನ್ನೆಗೆ ಇಳಿಯುವ ಸಂಭವ, ಜೊತೆಗೆ ಬಿರುಗಾಳಿ. ಆ ಸೊನ್ನೆಯೆಂದರೆ ಸೆಂಟಿಗ್ರೇಡಿನಲ್ಲಿ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಅದರ ಮೇಲೆ ಗಂಟೆಗೆ ಮೂವತ್ತು ಮೈಲಿಯ ಗಾಳಿ ಬೀಸಿದರೆ ಬತ್ತಲೆ ಚರ್ಮಕ್ಕೆ ಅದು ಫಾರನ್‌ಹೀಟ್ ಸೊನ್ನೆಗಿಂತ ೨೬ ಡಿಗ್ರಿ ಕೆಳಗಿನ ಚಳಿಯಂತೆ ತಗಲುತ್ತದೆ. ಕಟ್ಟಿದ ಹಣ ಹೋದರೆ ಹೋಗಲಿ, ಹೊರಡುವುದು ಬೇಡವೆಂದರು. ಈ ಸಲ ನಾವು ಮುನಿಸಿಕೊಳ್ಳಲಿಲ್ಲ. ಶನಿವಾರ ಮನೆಯಲ್ಲಿ ಕುಳಿತು, ಗಾಜಿನ ಕಿಟಕಿಯ ಆಚೆಗೆ ಮರಗಳು ಬಾಗುವುದನ್ನು ನೋಡುತ್ತಾ ಬಿಸಿ ಬಜ್ಜಿಯನ್ನು ತಿಂದೆವು. ಯಾತ್ರೆ ಫೆಬ್ರವರಿಯ ಮಧ್ಯಕ್ಕೆ ಹೋಯಿತು. ಅದರಿಂದ ಹಗಲು ಸುಮಾರು ಒಂದು ಗಂಟೆ ಹೆಚ್ಚು ದೊರೆತುದು ಲಾಭವೇ.

ಹೊರಡುವ ಹಿಂದಿನ ರಾತ್ರಿ ಅಳಿಯಂದಿರು ಒಂದು ಕಾಗದವನ್ನು ಬರೆದು ಅತ್ತೆಯವರ ಕೈಯಲ್ಲಿ ಕೊಟ್ಟರು. ನಾವು ಯಾವ ದಾರಿಯಲ್ಲಿ ಹೋಗುತ್ತೇವೆ, ಕಾರನ್ನು ಎಲ್ಲಿ ನಿಲ್ಲಿಸುತ್ತೇವೆ, ಯಾರು ಯಾವ ಬಣ್ಣದ ಅಂಗಿ ತೊಟ್ಟಿದ್ದೇವೆ ಎಂಬುದೆಲ್ಲಾ ಅದರಲ್ಲಿತ್ತು. ಕೊನೆಯಲ್ಲಿ: ಭಾನುವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಟೆಲಿಫೋನ್ ಬಾರದಿದ್ದರೆ ಈ ನಂಬರಿಗೆ ತಿಳಿಸತಕ್ಕದ್ದು. ಆ ರಾಜ್ಯದಲ್ಲಿ ದಾರಿತಪ್ಪಿದವರನ್ನು ಹುಡುಕಿ ತರುವುದಕ್ಕೆ ಸರ್ಕಾರದ ಇಲಾಖೆಯೂ, ಸ್ವಂತ ಕೆಲಸವನ್ನು ಬಿಟ್ಟು ಬರುವ ಸ್ವಯಂಸೇವಕರೂ ಇದ್ದಾರೆ. ಅಜಾಗರೂಕತೆಯಿಂದ ಅಪಾಯಕ್ಕೆ ಸಿಕ್ಕಿದವರಿಂದ ಖರ್ಚನ್ನು ವಸೂಲುಮಾಡುವ ಕಾನೂನೂ ಇದೆ. ನಮ್ಮ ಮನೆಯವರು ಕಾಗದವನ್ನು ಎರಡು ಸಲ ಓದಿ, ದೇವರ ಮುಂದೆ ಕುಂಕುಮದ ಬಟ್ಟಲಿನ ಕೆಳಗೆ ಇಟ್ಟರು. ಇನ್ನೊಂದು ಒಪ್ಪಂದವನ್ನು ನಾವು ನಾಲ್ವರೂ ಮಾಡಿಕೊಂಡೆವು. ಮಧ್ಯಾಹ್ನ ಎರಡು ಗಂಟೆಗೆ ಸರೋವರದ ದಡವನ್ನು ಮುಟ್ಟದಿದ್ದರೆ, ಎಲ್ಲಿದ್ದರೆ ಅಲ್ಲಿಂದಲೇ ಹಿಂದಿರುಗುವುದು. ಇದರಲ್ಲಿ ವಾದವಿಲ್ಲ.

ಬಾಸ್ಟನ್ನಿನಿಂದ ಫ್ರಾಂಕೋನಿಯಾ ನಾಚ್ ಎಂಬ ಆ ಕಣಿವೆಗೆ ಸುಮಾರು ನೂರನಲವತ್ತು ಮೈಲಿ. ದಾರಿಯಲ್ಲಿ ಹಿಮ ಬಿದ್ದು ಕಾರುಗಳು ಮೆಲ್ಲಗೆ ಸಾಗುತ್ತಿದ್ದುದರಿಂದ, ಹತ್ತೂವರೆಗೆ ಹತ್ತಬೇಕಾಗಿದ್ದವರು ಹನ್ನೆರಡೂಕಾಲಿಗೆ ಹತ್ತತೊಡಗಿದೆವು. ಹಾದಿ ತುಳಿದು ಗಟ್ಟಿಯಾಗಿತ್ತು. ಉಕ್ಕಿನ ಮುಳ್ಳುಗಳು ಕರಕರನೆ ಕಚ್ಚಿಕೊಳ್ಳುತ್ತಿದ್ದವು. ಅಷ್ಟು ನಿಶ್ಶಬ್ದವನ್ನು ನಾವು ಹಿಂದೆ ಕೇಳಿದ್ದಿಲ್ಲ. ಹಿಮವು ಸದ್ದನ್ನೂ ಹೀರುತ್ತದೆ.

ತಿರುವೊಂದರಲ್ಲಿ ಬಿಳಿಯ ಕಾಂಡದ ಮರಗಳ ಗುಂಪಿತ್ತು. ತೊಗಟೆ ಕಾಗದದಂತೆ ಸುರುಳಿಯಾಗಿ ಎದ್ದಿತ್ತು. ಏನು ಮರವೆಂದು ಕೇಳಿದೆವು. "ಬರ್ಚ್, ತಾತ" ಎಂದನು ಮೊಮ್ಮಗ. ನಾವು ನಿಂತುಬಿಟ್ಟೆವು. ಭೂರ್ಜ! ನಮ್ಮ ಭೂರ್ಜವೂ ಅವರ ಬರ್ಚೂ ಒಂದೇ ಮೂಲದಿಂದ ಬಂದ ಶಬ್ದಗಳೆಂದು ಭಾಷಾಶಾಸ್ತ್ರದಲ್ಲಿ ಓದಿದ್ದೆವು. ಕಾಶ್ಮೀರದ ಪಂಡಿತರು ಗ್ರಂಥಗಳನ್ನು ಬರೆದುದು ಅದರ ತೊಗಟೆಯ ಮೇಲೆ. ಕಾಳಿದಾಸನ ಹಿಮಾಲಯದಲ್ಲಿ ವಿದ್ಯಾಧರ ಸ್ತ್ರೀಯರು ಪ್ರೇಮಪತ್ರವನ್ನು ಬರೆಯುವುದೂ ಅದರ ಮೇಲೆಯೇ. ಇದು ಅದೇ ಕುಲದ ಬೇರೆ ಜಾತಿ, ಆಗಲಿ. ಕೈಚೀಲವನ್ನು ತೆಗೆದು ಮುಟ್ಟಿ ನೋಡಿದೆವು. ರೇಷ್ಮೆಯಂತೆ ನುಣುಪು. "ಅಪ್ಪ, ಕೈಚೀಲ" ಎಂದು ಮಗಳು ಹಿಂದಿನಿಂದ ಹೇಳಿದಳು.

ಮುಕ್ಕಾಲು ದಾರಿಯ ಮೇಲೆ ಬಲದ ಮೊಣಕಾಲು ನೋಯಲು ಮೊದಲಾಯಿತು. ಗಡಿಯಾರದಲ್ಲಿ ಒಂದೂಮುಕ್ಕಾಲಾಗುವುದಕ್ಕೆ ಬಂದಿತ್ತು. ಅಳಿಯಂದಿರು ತಿರುಗಿ ನಮ್ಮ ಮುಖವನ್ನು ನೋಡಿದರು. ನಮ್ಮ ಗೌರವಕ್ಕಾಗಿ ಬಾಯಿಬಿಡಲಾರದೆ ಇದ್ದರು. "ಹದಿನೈದು ನಿಮಿಷವಿದೆ. ಆಗದಿದ್ದರೆ ತಿರುಗೋಣ, ಗೊತ್ತುಮಾಡಿದ್ದು ಗೊತ್ತುಮಾಡಿದ್ದೇ" ಎಂದು ನಾವೇ ಹೇಳಿದೆವು. ಮಗಳು ನಮ್ಮ ಬೆನ್ನಿನ ಚೀಲದಿಂದ ಮಲಗುವ ಚೀಲವನ್ನು ತೆಗೆದು ತನ್ನದಕ್ಕೆ ಕಟ್ಟಿಕೊಂಡಳು. ನಾವು ಬೇಡವೆನ್ನಲಿಲ್ಲ. ಏರು ತಗ್ಗಿತು. ಮರಗಳ ನಡುವೆ ಬೆಳಕು ಅಗಲವಾಗಿ ತೋರಿತು. ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಸರೋವರದ ದಡದಲ್ಲಿ ನಿಂತೆವು.

ಬೆಳ್ಳಗೆ ಬಟ್ಟಬಯಲಾಗಿದ್ದ ಆ ಸರೋವರದ ಮೇಲೆ ಯಾರದೋ ಹೆಜ್ಜೆಗಳಿದ್ದವು. ಆದರೂ ನಮ್ಮವರು ದಡದ ಹಾದಿಯನ್ನೇ ಹಿಡಿದರು. ಎದುರಿಗೆ, ಕಣಿವೆಯಾಚೆ, ಐದು ಸಾವಿರ ಅಡಿಗೂ ಮಿಕ್ಕ ಲಾಫಯೆಟ್, ಲಿಂಕನ್ ಶಿಖರಗಳ ಸಾಲು. ಉತ್ತರದಲ್ಲಿ ಕ್ಯಾನನ್ ಬೆಟ್ಟ. ಆ ಬೆಟ್ಟದ ಬಂಡೆಯಲ್ಲಿ ಹಿಂದೆ ಮುದುಕನೊಬ್ಬನ ಮುಖದ ಆಕಾರವು ತಾನಾಗಿ ಮೂಡಿತ್ತು. ಹಾಥಾರ್ನನು 'ಮಹಾಶಿಲಾಮುಖ'ವೆಂಬ ಕಥೆಯನ್ನು ಬರೆದನಲ್ಲ, ಅದೇ ಇದು. ಬಾಲ್ಯದಲ್ಲಿ ಆ ಕಥೆಯನ್ನು ಇಂಗ್ಲಿಷ್ ಪಾಠದಲ್ಲಿ ಓದಿದ್ದೆವು. ಆ ಮುಖ ಈಗಿಲ್ಲ. ಬಿರುಕುಗಳಲ್ಲಿ ನೀರು ಸೇರಿ, ಹೆಪ್ಪುಗಟ್ಟಿ, ಹಿಗ್ಗಿ ಸಡಿಲಿಸುತ್ತಾ ಬಂದು, ಕಬ್ಬಿಣದ ಕಂಬಿಗಳಿಂದ ಬಿಗಿದಿದ್ದರೂ ನಿಲ್ಲದೆ, ೨೦೦೩ನೆಯ ಮೇ ೩ರಂದು ಕುಸಿದು ಬಿತ್ತು.

ಮನೆಯ ನಡುಕೋಣೆ ಎಂಟು ಮೂಲೆಯದು. ಮಲಗುವ ಕಟ್ಟಡಗಳು ಬೇರೆ. ಇನ್ನೂ ಹತ್ತು ಹನ್ನೆರಡು ಮಂದಿ ಬಂದಿದ್ದರು. ಸಂಜೆ ಒಲೆ ಹೊತ್ತಿದಾಗ ಎಲ್ಲರೂ ಅದರ ಸುತ್ತ ಕಾಲುಚೀಲಗಳನ್ನು ನೇತುಹಾಕಿದರು. ನಮ್ಮ ಹುಗ್ಗಿಗೆ ತುಪ್ಪದಲ್ಲಿ ಮೆಣಸು ಜೀರಿಗೆಯ ಒಗ್ಗರಣೆ ಬಿದ್ದೊಡನೆ ಮಾತು ನಿಂತು ಎಲ್ಲರೂ ತಿರುಗಿ ನೋಡಿದರು. ಆರು ಮಂದಿ ಪರದೇಶಿಗಳು ಮೈಸೂರಿನ ಹುಗ್ಗಿಯ ರುಚಿಯನ್ನು ನೋಡಿದರು. ಅವರ ಸಾರಿನಲ್ಲಿ ನಮಗೆ ಸಲ್ಲತಕ್ಕದ್ದೇನೂ ಇರಲಿಲ್ಲವಾದ್ದರಿಂದ ಬಿಸ್ಕತ್ತುಗಳನ್ನು ತೆಗೆದುಕೊಂಡೆವು. ಕಸವನ್ನು ಅಲ್ಲಿ ಬಿಡುವಂತಿಲ್ಲ. ಕಾಗದದ ಚೂರನ್ನು ಕೂಡ ಹೊತ್ತು ಕೆಳಕ್ಕೆ ತರಬೇಕು. ನಮ್ಮ ಯಾತ್ರಾಸ್ಥಳಗಳಲ್ಲಿ ಈ ಒಂದು ನಿಯಮವಿದ್ದಿದ್ದರೆ!

ರಾತ್ರಿ ಮಲಗುವ ಚೀಲದೊಳಗೆ ಕುಡಿಯುವ ನೀರನ್ನೂ ಕನ್ನಡಕವನ್ನೂ ಸೇರಿಸಿಕೊಂಡು ಮಲಗಿದೆವು. ಮೂಗೊಂದು ಹೊರಗೆ. ಮುಪ್ಪಿನ ಧರ್ಮದಂತೆ ನಡುವೆ ಒಮ್ಮೆ ಏಳಬೇಕಾಯಿತು. ಆ ಚಳಿಯಲ್ಲಿ ಬೂಟನ್ನು ತೊಟ್ಟು ಹೊರಗೆ ಹೋಗುವುದೆಂದರೆ ತಪಸ್ಸೇ ಸರಿ. ಅರ್ಧ ಗಂಟೆ ಮನಸ್ಸಿನೊಡನೆ ವ್ಯವಹಾರ ಮಾಡಿ ಸೋತು ಹೊರಟೆವು. ಹೊರಗೆ ಬಂದು ತಲೆಯೆತ್ತಿದರೆ, ಪಶ್ಚಿಮಕ್ಕೆ ಇಳಿಯುತ್ತಿದ್ದ ಕೃತ್ತಿಕೆ, ರೋಹಿಣಿ, ಮೃಗಶಿರ. ಪಂಚಾಂಗದಲ್ಲಿ ದಿನವೂ ಹೆಸರು ಹೇಳುವ ನಕ್ಷತ್ರಗಳು ಅಷ್ಟು ಹತ್ತಿರ, ಅಷ್ಟು ದೊಡ್ಡವಾಗಿ! ಎಷ್ಟು ಹೊತ್ತು ನಿಂತೆವೋ ತಿಳಿಯದು. ಬೆನ್ನಿನಲ್ಲಿ ಸಣ್ಣಗೆ ನಡುಕ ತೋರಿದೊಡನೆ ಬ್ಲೂ ಹಿಲ್ಸಿನ ನೆನಪು ಬಂದು ಒಳಗೆ ಓಡಿದೆವು.

ಮಾರನೆಯ ದಿನ ಬಿಸಿಲಿತ್ತು. ಇಳಿಯುವುದಕ್ಕೆ ಹತ್ತುವಷ್ಟೇ ಹೊತ್ತು ಹಿಡಿಯಿತು. ಮೊಣಕಾಲಿಗೆ ಇಳಿತವೇ ಶತ್ರು. ಕಾರಿನ ಬಳಿಗೆ ಬಂದಾಗ ಹನ್ನೆರಡೂವರೆ. ದಾರಿಯಲ್ಲಿ ಒಂದು ಊರಿನಲ್ಲಿ ಕಾಫಿಗೆ ನಿಂತು ಮನೆಗೆ ಟೆಲಿಫೋನ್ ಮಾಡಿದೆವು. ಒಂದೇ ಗಂಟೆಗೆ ಎತ್ತಿಕೊಂಡರು. ಪಕ್ಕದಲ್ಲಿಯೇ ಕುಳಿತಿದ್ದರೆಂದು ಕಾಣುತ್ತದೆ. ಎಲ್ಲರೂ ಕ್ಷೇಮವೆ, ಹುಡುಗನ ಮೂಗು ಸರಿಯಾಗಿದೆಯೆ, ಎಳ್ಳುಬೆಲ್ಲ ಸಾಲಿತೆ ಎಂದು ಕ್ರಮವಾಗಿ ವಿಚಾರಿಸಿದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ನೆನ್ನೆ ಹೊತ್ತು ಹೋಗಲಿಲ್ಲ. ನಿಮ್ಮ ಪೆಟ್ಟಿಗೆಯಲ್ಲಿದ್ದ ಹತ್ತಿ ಬನಿಯನುಗಳನ್ನೆಲ್ಲಾ ಕತ್ತರಿಸಿ ಒಲೆ ಒರಸುವ ಬಟ್ಟೆ ಮಾಡಿಬಿಟ್ಟಿದ್ದೇನೆ" ಎಂದರು.